ಎಂಬತ್ತೊಂದನೇ ಇಸವಿಯ ಜಗಳ

ಚನ್ನರಾಯಪಟ್ಟಣದಲ್ಲಿ ಒಂದು ಮದುವೆ ಮುಗಿಸಿಕೊಂಡು ನಾವು ಹತ್ತು ಹನ್ನೆರಡು ಜನ ಒಂದೇ ವ್ಯಾನಿನಲ್ಲಿ ಹಾಸನಕ್ಕೆ ಹಿಂತಿರುಗುತ್ತಿದ್ದೆವು. ಅದು ೧೯೯೯ರ ಫೆಬ್ರವರಿ. ನನ್ನ ಗಂಡ ಸಂಪತ್ಕುಮಾರ ಆಗ ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತಿದ್ದರು. ವ್ಯಾನಿನಲ್ಲಿದ್ದವರೆಲ್ಲ ಅಲ್ಲಿಯ ಮೇಷ್ಟರುಗಳು, ಅವರ ಮನೆಯವರು. ಆ ದಾರಿಯಲ್ಲಿ ಶಾಂತಿಗ್ರಾಮ ಬಂದಾಗಲೆಲ್ಲ ನನ್ನ ಗಂಡ ನನ್ನ ಮೊಣಕೈ ತಟ್ಟಿ, "ಇಳಿ, ನಿನ್ನ ತವರು ಬಂತು" ಎನ್ನುತ್ತಿದ್ದರು. ಮದುವೆಯಾದಾಗಿನಿಂದ ಏಳು ವರ್ಷ ತಪ್ಪದೆ ನಡೆದು ಬಂದ ಹಳಸಲು ತಮಾಷೆ ಅದು. ನಾನೂ ತಪ್ಪದೆ ನಗುತ್ತಿದ್ದೆ.

ಆ ದಿನ ಶಾಂತಿಗ್ರಾಮ ಬಂತು, ಹೋಯಿತು. ಅವರು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತು ಹಿಂದಿನ ಸೀಟಿನ ಹುಡುಗಿಯೊಬ್ಬಳ ಜೊತೆ ಜಗಳವಾಡುತ್ತಿದ್ದರು.

"ಎಂಬತ್ತೊಂದನೇ ಇಸವೀಲಿ ಅದು ಸತ್ತೋಯ್ತು ಕಣಮ್ಮ. ಒಪ್ಕೊಂಬುಡು."

"ಅದೆಂಗ್ ಸಾರ್ ಸತ್ತೋಗುತ್ತೆ? ಎಂಬತ್ತೊಂದರಲ್ಲೇ ಅದು ಸರಿಯಾಗಿ ಉಸಿರಾಡಿದ್ದು!"

ಯಾರ ಮನೆಯದೋ ಮಗುವಿನ ಸಾವಿನ ಮಾತೆಂದುಕೊಂಡು ನಾನು ಮೊದಲು ಸುಮ್ಮನಿದ್ದೆ. ಹಾಸನ ಹತ್ತಿರವಾಗುವ ಹೊತ್ತಿಗೆ ಗೊತ್ತಾಯಿತು, ಇವರ ಪ್ರಕಾರ ಸತ್ತದ್ದು, ಅವಳ ಪ್ರಕಾರ ಬದುಕಿದ್ದು, ಒಂದು ಸಂಗೀತ. ಪಂಕ್ ಎಂದು ಅದರ ಹೆಸರು.

ಹುಡುಗಿಯ ಹೆಸರು ಪ್ರತಿಭಾ. ಅರಕಲಗೂಡಿನ ದಿನಸಿ ವ್ಯಾಪಾರಿಯೊಬ್ಬರ ಮಗಳು. ಸುರತ್ಕಲ್ಲಿನಲ್ಲಿ ಓದಿ, ಆ ವರ್ಷವೇ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿದ್ದಳು. ಇಪ್ಪತ್ತೈದು ವರ್ಷ. ಉದ್ದ ಜಡೆ, ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ, ಕೈಯಲ್ಲಿ ಗಂಡಸರ ಗಡಿಯಾರ. ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳ ಅಣ್ಣ ಷಿಕಾಗೋದಿಂದ ಕಳಿಸುತ್ತಿದ್ದ ಕ್ಯಾಸೆಟ್ಟುಗಳಿಂದ ಅವಳಿಗೆ ಈ ಹುಚ್ಚು ಹತ್ತಿತ್ತು. ನನ್ನ ಗಂಡನಿಗೆ ಅದಕ್ಕೂ ಹತ್ತು ವರ್ಷ ಮೊದಲು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ, ಶಿಲ್ಲಾಂಗಿನ ರೂಮ್‌ಮೇಟಿನಿಂದ ಹತ್ತಿತ್ತಂತೆ. ಆ ಕ್ಯಾಸೆಟ್ಟುಗಳು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಅಟ್ಟದ ಮೇಲಿದ್ದವು. ಅದರಲ್ಲಿ ಹಳೆಯ ಪರೀಕ್ಷೆಯ ಪತ್ರಿಕೆಗಳಿವೆ ಎಂದು ನಾನು ತಿಳಿದಿದ್ದೆ. ಏಳು ವರ್ಷ ಅದನ್ನು ಒರೆಸಿ ಒರೆಸಿ ಇಟ್ಟಿದ್ದೆ.

ಮುಂದಿನ ಭಾನುವಾರದಿಂದ ಪ್ರತಿಭಾ ಮನೆಗೆ ಬರತೊಡಗಿದಳು. ಸಾಲಗಾಮೆ ರಸ್ತೆಯ ಹತ್ತಿರ ಚಂದ್ರಯ್ಯ ಎಂಬವರ ವಠಾರದಲ್ಲಿ ನಮ್ಮ ಬಾಡಿಗೆ ಮನೆ. ನಡುಮನೆಯಲ್ಲಿ ಚಾಪೆ ಹಾಸಿ, ಮಧ್ಯೆ ಟೇಪ್‌ರೆಕಾರ್ಡರ್ ಇಟ್ಟು, ಅದರ ಆಚೆ ಅವರು, ಈಚೆ ಇವಳು. ಒಂದು ಹಾಡು ಹಾಕುವುದು, ನಿಲ್ಲಿಸುವುದು, ಜಗಳ. ಇನ್ನೊಂದು ಹಾಕುವುದು, ಮತ್ತೆ ಜಗಳ.

ಮೊದಲನೇ ವಾರವೇ ಚಂದ್ರಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದರು.

"ಏನ್ ಸಾ ಇದು? ಮಿಕ್ಸಿ ಒಳಕ್ಕೆ ಸ್ಪೂನ್ ಬಿದ್ದಂಗೆ?"

"ಮ್ಯೂಸಿಕ್ಕು ಚಂದ್ರಯ್ಯ. ಪಂಕ್ ಅಂತ."

"ಪಂಕ ಅಂದ್ರೆ ಕೆಸರಲ್ವಾ ಸಾ? ನಮ್ ಮೇಷ್ಟ್ರು ಏಳ್ಕೊಟ್ಟಿದ್ರು, ಪಂಕದಲ್ಲಿ ಉಟ್ಟಿದ್ದು ಪಂಕಜ ಅಂತ."

"ಅದೇ, ನೋಡಿ ಸಾರ್!" ಎಂದು ಪ್ರತಿಭಾ ಚಾಪೆಯ ಮೇಲೆ ಕುಣಿದಳು. "ನಿಮ್ಮ ಲಂಡನ್ ಪಂಕ್ ಕೆಸರು. ಅದರಲ್ಲಿ ಉಟ್ಟಿದ ನಮ್ಮ ಆರ್ಡ್‌ಕೋರು ಪಂಕಜ. ಚಂದ್ರಯ್ಯನೋರೇ ತೀರ್ಪು ಕೊಟ್ರು!"

"ಕಮಲ ಎಲ್ಲಿ ಬಂತಮ್ಮ, ನೀನು ತಂದಿರೋದು ಅಂತರಗಂಗೆ. ಕೆರೇನೇ ಮುಚ್ಚಾಕ್ಬುಡ್ತು!" ಎಂದು ನನ್ನ ಗಂಡ ಕೂಗಿದರು.

ಅವರು ಹಾಗೆ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಮ್ಮ ಅಯ್ಯಂಗಾರರ ಮನೆಗಳಲ್ಲಿ ಆಡುವುದು ಕನ್ನಡ ಬೆರೆತ ತಮಿಳು. ಗಂಡನನ್ನು ನಾನು 'ಏನ್ನಾ' ಎಂದೇ ಕರೆಯುವುದು. ಆ ಮನೆಮಾತಿನಲ್ಲಿ ಅವರ ದನಿ ಯಾವಾಗಲೂ ಮೆತ್ತಗೆ. ಹೊಳೆನರಸೀಪುರದ ಬೀದಿಯಲ್ಲಿ ಗೋಲಿ ಆಡುವಾಗ ಕಲಿತ ಕನ್ನಡವೊಂದು ಅವರೊಳಗೆ ಬೇರೆಯೇ ಇತ್ತು. ಅದರಲ್ಲಿ ಹಕಾರ ಹಾರಿಹೋಗುತ್ತಿತ್ತು, ತೊಡೆ ತಟ್ಟುವುದಿತ್ತು, ನಗು ಇತ್ತು. ಅದು ಪ್ರತಿಭಾ ಬಂದಾಗ ಹೊರಬಂತು.

ಅವರ ಜಗಳ ಏನೆಂದು ನನಗೆ ನಾಲ್ಕನೇ ಭಾನುವಾರಕ್ಕೆ ಪೂರ್ತಿ ತಿಳಿಯಿತು. ಎಪ್ಪತ್ತರ ದಶಕದ ನಡುವಿನಲ್ಲಿ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಕೆಲವು ಹುಡುಗರು, ಬಾರಿಸಲು ಸರಿಯಾಗಿ ಬಾರದಿದ್ದರೂ ಬಾರಿಸಬಹುದು, ಯಾರ ಅಪ್ಪಣೆಯೂ ಬೇಡ ಎಂದು ಶುರುಮಾಡಿದ್ದು ಪಂಕ್. ಎಂಬತ್ತು, ಎಂಬತ್ತೊಂದರ ಹೊತ್ತಿಗೆ ಅಮೆರಿಕದಲ್ಲಿ ಇನ್ನೂ ಸಣ್ಣ ಹುಡುಗರು ಅದನ್ನು ಎರಡು ಪಟ್ಟು ವೇಗ ಮಾಡಿ, ಒಂದೊಂದು ನಿಮಿಷಕ್ಕೆ ಕತ್ತರಿಸಿ, ಕಿರುಚಿ ಹಾಡಿದ್ದು ಹಾರ್ಡ್‌ಕೋರ್. ಎರಡನೆಯದು ಮೊದಲನೆಯದರ ಕತ್ತು ಹಿಸುಕಿತು ಎಂದು ನನ್ನ ಗಂಡ. ಲಂಡನ್ನಿನವರು ಕಂಪನಿಗಳಿಗೆ ಮಾರಿಕೊಂಡ ಮೇಲೆ ಎರಡನೆಯದೇ ಅದನ್ನು ಉಳಿಸಿತು, ಈ ಹುಡುಗರು ರೆಕಾರ್ಡಿನ ಕವರನ್ನು ತಾವೇ ಕತ್ತರಿಸಿ ತಾವೇ ಅಂಟಿಸಿದರು ಎಂದು ಪ್ರತಿಭಾ.

ಇದರಲ್ಲಿ ನನಗೇನು? ಹಾಗೆಂದು ನನಗೆ ನಾನೇ ಕೇಳಿಕೊಂಡೆ. ಹೆಂಗಸಿನ ಮೊದಲ ಅನುಮಾನ ಏನಿರುತ್ತದೋ ಅದು ನನಗೂ ಬಂತು. ಕಾಫಿ ಕೊಡುವ ನೆಪದಲ್ಲಿ, ಲೋಟ ತೆಗೆಯುವ ನೆಪದಲ್ಲಿ ಹೋಗಿ ಹೋಗಿ ನೋಡಿದೆ. ಪ್ರತಿಭಾಳ ಕಣ್ಣು ನನ್ನ ಗಂಡನ ಮುಖದ ಮೇಲೆ ಇರುತ್ತಲೇ ಇರಲಿಲ್ಲ, ಟೇಪ್‌ರೆಕಾರ್ಡರಿನ ಮೇಲಿರುತ್ತಿತ್ತು. ಅವರೂ ಅಷ್ಟೇ. ಅವಳು ಎದ್ದು ಹೋದಮೇಲೆ ಅವಳ ವಿಷಯವನ್ನೇ ಎತ್ತುತ್ತಿರಲಿಲ್ಲ, ಅವಳು ಹೇಳಿದ ತಪ್ಪುಗಳ ವಿಷಯ ಎತ್ತುತ್ತಿದ್ದರು. ಸ್ನಾನದ ಮನೆಯಿಂದಲೂ ಉತ್ತರ ಹೇಳಿಕೊಳ್ಳುತ್ತಿದ್ದುದು ಕೇಳುತ್ತಿತ್ತು. ಬುಧವಾರದ ಹೊತ್ತಿಗೇ ಭಾನುವಾರದ ವಾದ ತಯಾರಿರುತ್ತಿತ್ತು.

ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ನನ್ನ ಮಾತಿಗೆ ಅವರು ಎಂದೂ ಉತ್ತರ ಹುಡುಕಿದವರಲ್ಲ. 'ಒನ್ ಇಷ್ಟಂ.' ನಿನ್ನ ಇಷ್ಟ. ಮನೆ ಬದಲಾಯಿಸೋಣವೇ ಎಂದರೆ ಒನ್ ಇಷ್ಟಂ. ಮಗಳು ಗೌತಮಿಯನ್ನು ಕಾನ್ವೆಂಟಿಗೆ ಹಾಕೋಣವೇ, ಕನ್ನಡ ಶಾಲೆಗೋ ಎಂದರೆ ಒನ್ ಇಷ್ಟಂ. ಎಂಥ ಒಳ್ಳೆಯ ಗಂಡ, ಒಂದು ಮಾತು ಎದುರಾಡುವುದಿಲ್ಲ ಎಂದು ನನ್ನ ಅಕ್ಕತಂಗಿಯರು ಹೊಗಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ, ಆ ಚಾಪೆಯ ಮೇಲೆ 'ಅಲ್ಲ, ಅಲ್ಲವೇ ಅಲ್ಲ' ಎಂದು ಅವರು ಕುಟ್ಟುವುದನ್ನು ಕಾಣುವವರೆಗೆ.

ಏಪ್ರಿಲಿನಲ್ಲಿ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಅವರ ಬಾಯಿಂದ ಒಂದು 'ಅಲ್ಲ' ಹೊರಡಿಸಲೇಬೇಕೆಂದು ಹೊರಟೆ.

"ಏನ್ನಾ, ನಡುಮನೆಗೆ ಗಿಳಿಹಸಿರು ಬಣ್ಣ ಹೊಡೆಸಿಬಿಡೋಣವಾ?"

"ಒನ್ ಇಷ್ಟಂ."

"ಟೀವಿ ಮಾರಿಬಿಡೋಣ ಅಂತ."

"ಒನ್ ಇಷ್ಟಂ. ಚಂದ್ರಯ್ಯನ್ನ ಕೇಳು, ಯಾರಾದ್ರೂ ತಗೋತಾರೇನೋ."

"ನಾನು ನಾಳೆಯಿಂದ ಅಡುಗೆ ಮಾಡೋಲ್ಲ."

ಅವರು ಪುಸ್ತಕದಿಂದ ತಲೆ ಎತ್ತಿದರು. ಈಗ ಬಂತು ಅಂದುಕೊಂಡೆ. "ಹುಷಾರಿಲ್ಲವಾ? ಹೋಟೆಲಿಂದ ತರ್ತೀನಿ," ಎಂದರು.

ಆಗ ನಾನು ಅವರ ಕ್ಯಾಸೆಟ್ಟುಗಳನ್ನು ಕೇಳತೊಡಗಿದೆ. ಅವರು ಕಾಲೇಜಿಗೆ, ಗೌತಮಿ ಶಾಲೆಗೆ ಹೋದ ಮೇಲೆ, ದನಿ ತಗ್ಗಿಸಿ. ಮೊದಲು ತಲೆನೋವು ಬಂತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದು ಮುಗಿಯುವುದರೊಳಗೆ ಒಂದು ಹಾಡೇ ಮುಗಿದುಹೋಗುತ್ತಿತ್ತು. ಆದರೆ ಹದಿನೈದು ದಿನಕ್ಕೆ ಲಂಡನ್ನಿನದು ಯಾವುದು, ವಾಷಿಂಗ್ಟನ್ನಿನದು ಯಾವುದು ಎಂದು ಕಿವಿಗೆ ತಿಳಿಯಿತು. ಪ್ರತಿಭಾ ಬಿಟ್ಟುಹೋಗಿದ್ದ, ಯಾರೋ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿದ್ದ ಒಂದು ಇಂಗ್ಲಿಷ್ ಪುಸ್ತಿಕೆಯನ್ನೂ ಓದಿದೆ. ನಾನು ಬಿ.ಎ. ಓದಿದ್ದು ಹಾಸನದಲ್ಲೇ. ಪುಸ್ತಿಕೆ ಓದಿದ್ದು ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪರೀಕ್ಷೆಗೆ ಕೂರುವವಳ ಹಾಗೆ.

ಅದರಲ್ಲಿ ಒಂದು ಚಿತ್ರವಿತ್ತು. ಎದೆಯ ಮೇಲೆ ಅಡ್ಡಲಾಗಿ ಹಿಡಿದ ಎರಡು ಕೈ, ಒಂದೊಂದು ಮುಂಗೈ ಮೇಲೂ ಕಪ್ಪು ಶಾಯಿಯ ಇಂಟು ಮಾರ್ಕು. ವಯಸ್ಸು ತುಂಬದ ಹುಡುಗರಿಗೆ ಹೆಂಡ ಕೊಡಬಾರದೆಂದು ಗೊತ್ತಾಗಲಿ ಎಂದು ಕ್ಲಬ್ಬಿನವರು ಬಾಗಿಲಲ್ಲಿ ಹಾಗೆ ಗುರುತು ಹಾಕುತ್ತಿದ್ದರಂತೆ. ಆಮೇಲೆ ಹಾರ್ಡ್‌ಕೋರ್ ಹುಡುಗರಲ್ಲಿ ಕೆಲವರು ನಾವು ಕುಡಿಯುವುದೇ ಇಲ್ಲ, ಸೇದುವುದೇ ಇಲ್ಲ ಎಂದು ವ್ರತ ಹಿಡಿದು, ಅದೇ ಗುರುತನ್ನು ತಾವೇ ಹಾಕಿಕೊಂಡರಂತೆ. ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ಯಾಕೆ ಅಷ್ಟು ಹೊತ್ತು ನೋಡುತ್ತಿದ್ದೇನೆಂದು ಆಗ ನನಗೆ ಗೊತ್ತಾಗಲಿಲ್ಲ.

ಮೇ ತಿಂಗಳ ಎರಡನೇ ಭಾನುವಾರ. ರಜೆಗೆಂದು ಗೌತಮಿ ಅಜ್ಜಿಯ ಜೊತೆ ಹೊಳೆನರಸೀಪುರದಲ್ಲಿದ್ದಳು. ಬೆಳಗಿನ ಹತ್ತೂವರೆ. ನಾನು ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಜಗಳ ಕಾವೇರಿತ್ತು.

"ಪಂಕ್ ಅಂದ್ರೇನು?" ಎನ್ನುತ್ತಿದ್ದರು ನನ್ನ ಗಂಡ. "ಯಾರೂ ಯಾರಿಗೂ ಇಂಗೇ ಇರು ಅಂತ ಏಳ್ಬಾರ್ದು. ಅಷ್ಟೇ. ನಿಮ್ಮೋರು ಬಂದು ಏನ್ ಮಾಡಿದ್ರು? ಕುಡೀಬ್ಯಾಡ, ಸೇದ್‌ಬ್ಯಾಡ, ತಲೆ ಬೋಳುಸ್ಕೊ, ಕೈ ಮೇಲೆ ಇಂಟು ಮಾರ್ಕ್ ಹಾಕ್ಕೊ. ಇದು ಮಠ ಕಣಮ್ಮ, ಮ್ಯೂಸಿಕ್ ಅಲ್ಲ."

"ಅವರಿಗೆ ಯಾರ್ ಏಳಿದ್ರು ಸಾರ್? ಅವರೇ ಹಾಕ್ಕೊಂಡಿದ್ದು! ಬಾಗಿಲಲ್ಲಿ ನಿಂತೋನು ಅವಮಾನ ಮಾಡೋಕೆ ಹಾಕಿದ್ದನ್ನ, ಊಂ, ನಮ್ದೇ ಇದು, ಏನೀಗ ಅಂತ ಎದೆ ಮೇಲೆ ಹಿಡ್ಕೊಂಡ್ರು."

"ಮೊದಲ್ನೇ ಹುಡುಗ ತಾನೇ ಹಾಕ್ಕೊಂಡ, ಒಪ್ಕೋತೀನಿ. ಎರಡನೆಯವನಿಗೆ ಮೊದಲ್ನೆಯವನು ಹಾಕಿದ. ಮೂರನೆಯವನಿಗೆ ಬ್ಯಾಡ ಅನ್ನೋಕೆ ಧೈರ್ಯ ಸಾಲಲಿಲ್ಲ. ಅಲ್ಲಿಗೆ ಸತ್ತೋಯ್ತು. ಒಬ್ಬರ ಮೈ ಮೇಲೆ ಇನ್ನೊಬ್ಬರು ಗುರುತು ಹಾಕೋದನ್ನ ನಾನು ಈ ಜನ್ಮದಲ್ಲಿ ಒಪ್ಪಲ್ಲ!" ಎಂದು ಚಾಪೆಯನ್ನು ಅಂಗೈಯಿಂದ ಬಡಿದರು.

"ನನಗೆ ಹಾಕಿದಾಗ ಒಪ್ಪಿದ್ರಲ್ಲ ರೀ," ಎಂದೆ ನಾನು.

ಕನ್ನಡದಲ್ಲಿ. 'ರೀ' ಎಂದು. ಅಕ್ಕಪಕ್ಕದ ಮನೆಯ ಹೆಂಗಸರು ಗಂಡಂದಿರನ್ನು ಕರೆಯುವ ಹಾಗೆ. ಅದು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಪ್ರತಿಭಾ ಟೇಪ್ ನಿಲ್ಲಿಸಿದಳು.

"ಏನಕ್ಕ, ಏನು ಹಾಕಿದ್ದು?"

ನಾನು ತಟ್ಟೆ ಕೆಳಗಿಟ್ಟು, ಚಾಪೆಯ ಅಂಚಿನಲ್ಲಿ ಕೂತು, ರವಿಕೆಯ ಬಲತೋಳನ್ನು ಮೇಲಕ್ಕೆ ಸರಿಸಿದೆ. ಒಂದು ರೂಪಾಯಿಯಷ್ಟಗಲದ ಚಕ್ರದ ಗುರುತು ಇನ್ನೂ ಮಾಸಲಾಗಿ ಇದೆ. ಎಡತೋಳಿನಲ್ಲಿ ಶಂಖ, ಅದು ಅಷ್ಟು ಚೆನ್ನಾಗಿ ಮೂಡಿಲ್ಲ.

"ಸುಟ್ಟಿದ್ದಾ?" ಅವಳ ಕೈ ತಾನಾಗಿ ಮುಂದೆ ಬಂದು ನನ್ನ ತೋಳನ್ನು ಮುಟ್ಟಿತು.

"ಹೋಮದ ಬೆಂಕಿಯಲ್ಲಿ ಮುದ್ರೆ ಕಾಯಿಸಿ ಗುರುಗಳು ಒತ್ತುತ್ತಾರೆ. ಸಮಾಶ್ರಯಣ ಅಂತ. ಅದಾಗದ ಸೊಸೆ ಮಾಡಿದ ಅನ್ನ ನಮ್ಮತ್ತೆ ಉಣ್ಣುತ್ತಿರಲಿಲ್ಲ. ಮದುವೆಯಾಗಿ ನಾಲ್ಕನೇ ತಿಂಗಳಿಗೆ ಮಾಡಿಸಿದರು. ಇವರಿಗೂ ಆಗಬೇಕಿತ್ತು. ನಂಬಿಕೆಯಿಲ್ಲ, ಆಮೇಲೆ ನೋಡೋಣ ಅಂದರು. ಇವರು ಅಡುಗೆ ಮಾಡುವುದಿಲ್ಲವಲ್ಲ, ನಡೆಯಿತು."

"ಅದು ಬೇರೆ," ಎಂದರು ಅವರು, ತಮಿಳಿನಲ್ಲಿ.

"ಕನ್ನಡದಲ್ಲೇ ಹೇಳಿ. ಅವಳಿಗೂ ತಿಳೀಲಿ. ಹೇಗೆ ಬೇರೆ?"

"ನಿನ್ನನ್ನ ಕೇಳಿದ್ರು. ಅಮ್ಮ ನಿನ್ನ ಕೇಳಿದ್ಲು, ನೀನು ಆಗಲಿ ಅಂದೆ."

"ನಾನು ನಿಮ್ಮನ್ನು ಕೇಳಿದೆ. ನೀವೇನಂದಿರಿ?"

ಆ ಎರಡು ತಮಿಳು ಪದ ಅವರ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಈ ಸಲ ಅದನ್ನು ಹೇಳುವ ಹಾಗಿರಲಿಲ್ಲ.

"ನೋಡು," ಎಂದರು ಕೊನೆಗೆ, ದನಿ ಸ್ವಲ್ಪ ಏರಿಸಿ. "ನಿನಗೆ ಬೇಕಾಗಿತ್ತು. ಹಿಂದಿನ ದಿನವೇ ಸೀರೆ ತೆಗೆದಿಟ್ಕೊಂಡೆ. ನಿಮ್ಮಪ್ಪನಿಗೆ ಕಾಗದ ಬರೆದೆ, ನಾಳೆ ನನಗೆ ಮುದ್ರೆ ಅಂತ. ಸಂಭ್ರಮ ಪಟ್ಟೆ. ಈಗ ಬಂದು ಬಲವಂತ ಮಾಡಿದ್ರು ಅಂದ್ರೆ?"

ಅದು ನಿಜವೇ. ನನಗೆ ಬೇಕಾಗಿತ್ತು. ಹೊಸ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವ ಹಕ್ಕು ಬರುತ್ತದೆಂದು ಖುಷಿಯಾಗಿತ್ತು. ಸುಟ್ಟಾಗ ಅಳಲಿಲ್ಲವೆಂದು ಗುರುಗಳು ಮೆಚ್ಚಿದ್ದು ಇವತ್ತಿಗೂ ನನಗೆ ಹೆಮ್ಮೆ.

"ಬಲವಂತ ಅಂತ ನಾನೆಲ್ಲಿ ಅಂದೆ? ನನಗೆ ಬೇಕಾಗಿತ್ತು. ನಿಮಗೆ ಬೇಡವಾಗಿತ್ತು ಅನ್ನೋದು ನನಗೆ ಇವತ್ತು, ಇವಳಿಗೆ ನೀವು ಹೇಳುವಾಗ, ಗೊತ್ತಾಗ್ತಾ ಇದೆ. ಅವತ್ತು ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ರಿ. ಒಳಗೆ ಬಂದು, ಇದು ತಪ್ಪು, ನೀನು ಮಾಡಿಸ್ಕೋಬಾರದು ಅಂತ ಒಂದು ಮಾತು ಅಂದಿದ್ರೆ..."

"ಅಂದಿದ್ರೆ ನಿಲ್ಲಿಸ್ತಿದ್ಯಾ?"

"ಇಲ್ಲ. ಮಾಡಿಸ್ಕೊಂಡೇ ಮಾಡಿಸ್ಕೋತಿದ್ದೆ."

"ಮತ್ತೆ? ಮಾಡಿಸ್ಕೊಳ್ಳೋದೇ ಆದಮೇಲೆ ಜಗಳ ಯಾಕೆ?"

"ಇವಳೇನು ಒಪ್ಪಿದ್ದಾಳಾ?" ಎಂದೆ, ಪ್ರತಿಭಾಳ ಕಡೆ ಬೆರಳು ತೋರಿಸಿ. "ಮೂರು ತಿಂಗಳಾಯ್ತು. ಒಂದು ಭಾನುವಾರಾನಾದ್ರೂ ಒಪ್ಪಿದ್ದಾಳಾ? ಮತ್ತೆ ಯಾಕೆ ಆಡ್ತಿದ್ದೀರಿ? ಎಲ್ಲೋ ವಾಷಿಂಗ್ಟನ್ನಿನ ಹುಡುಗರ ಕೈಗೆ ಶಾಯಿ ಬಳಿದಿದ್ದಕ್ಕೆ ಚಾಪೆ ಹರಿಯೋ ಹಾಗೆ ಬಡೀತೀರಿ. ನನಗೆ ಏಳು ವರ್ಷದಲ್ಲಿ ಒಂದು ಸಲ 'ಅಲ್ಲ' ಅಂದಿದ್ದೀರಾ?"

ಪ್ರತಿಭಾ ಕಿಸಕ್ಕನೆ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ನನ್ನ ಗಂಡ ನಗಲಿಲ್ಲ. ಅವರ ಕಿವಿಯ ತುದಿ ಕೆಂಪಾಗಿತ್ತು.

"ಅಲ್ಲ," ಎಂದರು. "ನೀನು ಏಳ್ತಿರೋದು ತಪ್ಪು."

"ಎಲ್ಲಿ ತಪ್ಪು?"

"ಅವತ್ತು ನಾನು ಪೇಪರ್ ಓದ್ತಿರ್ಲಿಲ್ಲ. ಒಳೆನರಸೀಪುರಕ್ಕೆ ಪೇಪರ್ ಬರ್ತಿದ್ದುದೇ ಮಧ್ಯಾಹ್ನ. ಅದು ಹಿಂದಿನ ದಿನದ್ದು."

"ಹಳೇ ಪೇಪರ್ ಹಿಡ್ಕೊಂಡು ಯಾಕೆ ಕೂತಿದ್ರಿ?"

"ಒಳಗಿಂದ ನಿನ್ನ ದನಿ ಬರುತ್ತೇನೋ ಅಂತ ಕೂತಿದ್ದೆ. ಕೂಗಿದ್ರೆ ಓಡಿ ಬರ್ತಿದ್ದೆ. ನೀನು ಕೂಗ್ಲೇ ಇಲ್ಲ."

"ಕೂಗೋವರೆಗೂ ಕಾಯೋದೇನು? ಬೇಡ ಅನ್ನಿಸಿದ್ರೆ ಬೇಡ ಅನ್ನಬೇಕು!"

"ನಿನ್ನ ಮೈ ಅದು. ನಾನ್ಯಾರು ಬೇಡ ಅನ್ನೋಕೆ? ಅದನ್ನೇ ಕಣೇ ನಾನು ಇವಳಿಗೆ ಮೂರು ತಿಂಗಳಿಂದ ಬಡ್ಕೊತಿರೋದು!"

'ಕಣೇ' ಎಂದರು. ನನ್ನನ್ನು ಹಾಗೆ ಅವರು ಎಂದೂ ಕರೆದಿರಲಿಲ್ಲ. ನಾನು ಮಂಡಿ ಮುಂದಕ್ಕೆ ಸರಿಸಿ ಸರಿಯಾಗಿ ಕೂತೆ.

"ನನ್ನ ಮೈ ನನ್ನದೇ. ಅಭಿಪ್ರಾಯ ನಿಮ್ಮದು. ಅದನ್ನು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟವರು ಯಾರು?"

"ನೀನು ಕೇಳಿದ್ಯಾ?"

"ಕೇಳಿದ್ರೆ ಏನಂತಿದ್ರಿ, ನನಗೆ ಗೊತ್ತಿಲ್ವಾ?"

"ನಮ್ಮಲ್ಲೂ ಅಂಗೇ ಅಕ್ಕ," ಎಂದು ನಡುವೆ ಪ್ರತಿಭಾ ಬಾಯಿ ಹಾಕಿದಳು. "ಮಗು ಕಣ್ ಬಿಡೋಕೆ ಮುಂಚೆ ಲಿಂಗ ಕಟ್ತಾರೆ, ಯಾರೂ ಮಗೂನ ಕೇಳಲ್ಲ. ಆದರೆ ದೊಡ್ಡವರಾದ ಮೇಲೆ ಇಟ್ಕೊಳ್ಳೋದು ಬಿಡೋದು..."

ಒಳ್ಳೆಯ ಮಾತೇ ಇರಬೇಕು. ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ. ನನ್ನ ಗಂಡ ಅವಳ ಕಡೆ ಕೈ ಎತ್ತಿ 'ಇರು' ಎಂದು ಸನ್ನೆ ಮಾಡಿ, ನನ್ನ ಕಡೆಗೇ ತಿರುಗಿ ಮಾತು ಮುಂದುವರಿಸಿದರು. ಗೌತಮಿಯ ಶಾಲೆಯ ವಿಷಯ ಬಂತು. ಅವರಿಗೆ ಕನ್ನಡ ಶಾಲೆಯೇ ಬೇಕಾಗಿತ್ತಂತೆ! ಎರಡು ವರ್ಷ ಕಾನ್ವೆಂಟಿನ ಬಸ್ಸಿಗೆ ಅವಳನ್ನು ಹತ್ತಿಸುತ್ತಾ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರಂತೆ. ನನಗೆ ಕೋಪ ನೆತ್ತಿಗೇರಿತು. ಏಕಕಾಲಕ್ಕೆ, ಈ ಕೋಪ ಇಳಿದುಹೋಗದಿರಲಿ ಎಂದೂ ಅನಿಸುತ್ತಿತ್ತು. ಕಾಫಿ ಲೋಟಗಳಲ್ಲಿ ಕೆನೆ ಕಟ್ಟುತ್ತಿತ್ತು.

ಪ್ರತಿಭಾ ತನ್ನ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿನಿಂದ ಸದ್ದಾಗದಂತೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಜೆರಾಕ್ಸ್ ಪುಸ್ತಿಕೆಯನ್ನೂ ಹಾಕಿಕೊಂಡಳು. ಎದ್ದು ನಿಂತು ಜಡೆ ಹಿಂದಕ್ಕೆ ಎಸೆದು, "ಬತ್ತೀನಿ ಸಾರ್. ಅಕ್ಕ, ಬತ್ತೀನಿ," ಎಂದಳು. ನನ್ನ ಗಂಡ ತಲೆಯಾಡಿಸಿದರು, ಅವಳ ಕಡೆ ನೋಡದೆ. ನಾನು ನೋಡಿದೆ. ಅವಳು ಚಾಪೆಯ ಮೇಲೆ ತಾನು ಕೂತಿದ್ದ ಜಾಗವನ್ನು, ಅಲ್ಲಿಗೆ ಸರಿದು ಕೂತಿದ್ದ ನನ್ನನ್ನು ನೋಡುತ್ತಿದ್ದಳು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಮುಖ ಹೇಗಿರುತ್ತಿತ್ತೆಂದು ನನಗೆ ಅವತ್ತು ತಿಳಿಯಿತು. ಹಾಸನದಲ್ಲಿ ಅವಳಿಗೆ ಎಂಬತ್ತೊಂದನೇ ಇಸವಿಯ ಬಗ್ಗೆ ಜಗಳವಾಡಲು ಇನ್ನೊಬ್ಬರಿರಲಿಲ್ಲ. ಅವಳು ಹಿಂದಿರುಗಬೇಕಿದ್ದದ್ದು ವರ್ಕಿಂಗ್ ವಿಮೆನ್ಸ್ ಹಾಸ್ಟೆಲಿನ ಒಂದು ಕೋಣೆಗೆ.

ಕರೆಯಬೇಕಾಗಿತ್ತು. "ಕೂತ್ಕೋ, ಊಟ ಮಾಡ್ಕೊಂಡು ಹೋಗು" ಎನ್ನಬೇಕಾಗಿತ್ತು. ಅಡುಗೆ ಆಗಿತ್ತು, ಮೂರು ಜನಕ್ಕೆ ಸಾಕಾಗುವಷ್ಟಿತ್ತು. ಮನೆಗೆ ಬಂದ ಹೆಣ್ಣುಮಗಳನ್ನು ಕುಂಕುಮ ಕೊಡದೆ ನಾನು ಯಾವತ್ತೂ ಕಳಿಸಿದವಳಲ್ಲ. ಕುಂಕುಮದ ಭರಣಿ ದೇವರ ಗೂಡಿನಲ್ಲಿ, ಮೂರು ಹೆಜ್ಜೆಯಾಚೆಗಿತ್ತು. ಅವಳು ಹೊಸ್ತಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಾ, ನಾನು ಏಳುತ್ತೇನೆಂದು ಒಂದು ಕ್ಷಣ ನಿಂತಳು ಕೂಡ. ಎದ್ದರೆ ಅವರ ಮಾತು ಅಲ್ಲಿಗೇ ತುಂಡಾದೀತೆಂದು ನಾನು ಏಳಲಿಲ್ಲ.